ಲೋಹ ಬಲ್ಲವರು, ಊರು ಬಲ್ಲವರು

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಬಂದವರು ಪೊಳ್ಳಿಲೂರು ಯುದ್ಧದ ಚಿತ್ರದ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲುತ್ತಾರೆ. 1780ರ ಆ ಕಾಳಗ ಗೋಡೆಯುದ್ದಕ್ಕೂ ಹರಡಿಕೊಂಡಿದೆ. ಆನೆ ಕುದುರೆಗಳ ಮೈಸೂರು ಸೈನ್ಯ, ಪಲ್ಲಕ್ಕಿಯೊಳಗೆ ಗಾಯಗೊಂಡು ಕೂತ ಕರ್ನಲ್ ಬೇಯ್ಲಿ, ನಡುವೆ ಹೊತ್ತಿ ಸಿಡಿಯುತ್ತಿರುವ ಮದ್ದುಗುಂಡಿನ ಗಾಡಿ. ಆ ಗಾಡಿಗೆ ಬೆಂಕಿ ಹಚ್ಚಿದ್ದು ಮೈಸೂರಿನ ರಾಕೆಟ್ಟು ಎಂಬುದು ತಲೆಮಾರುಗಳಿಂದ ಬಂದ ಮಾತು. ಗೈಡುಗಳು ಅದನ್ನು ಗಟ್ಟಿಯಾಗಿಯೇ ಹೇಳುತ್ತಾರೆ, ಪ್ರವಾಸಿಗರು ತಲೆದೂಗಿ ಗುಂಬಜ್ ಕಡೆಗೆ ಹೊರಡುತ್ತಾರೆ.

ತಲೆದೂಗಿ ಸುಮ್ಮನಾಗದವರು ರೊದ್ದಂ ನರಸಿಂಹ. ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯ ನಿರ್ದೇಶಕರಾಗಿದ್ದಾಗ, 1985ರಲ್ಲಿ, ಅವರು 1750ರಿಂದ 1850ರವರೆಗಿನ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳ ಬಗ್ಗೆ ಒಂದು ಪ್ರಬಂಧ ಬರೆದರು. ಮೈಸೂರಿನ ರಾಕೆಟ್ಟಿಗೆ ಕಬ್ಬಿಣದ ಕೊಳವೆಯಿತ್ತು. ಅದರೊಳಗೆ ಮದ್ದನ್ನು ಗಿಡಿದು ತುಂಬಬಹುದಿತ್ತು, ಹಾಗಾಗಿ ಅದು ಕಾಗದದ ಬಾಣಗಳಿಗಿಂತ ಬಹು ದೂರ ಹಾರುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ವುಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ಅದೇ ಬಗೆಯ ಬಾಣಗಳ ಮೇಲೆ ಪ್ರಯೋಗ ನಡೆಸಿದ. 1807ರಲ್ಲಿ ಅವನ ರಾಕೆಟ್ಟುಗಳು ಕೋಪನ್‌ಹೇಗನ್ ನಗರವನ್ನು ಸುಟ್ಟವು. ನರಸಿಂಹ ಅವರ ವಾದದ ತಿರುಳು ಇಷ್ಟು: ಕಬ್ಬಿಣ ನಮ್ಮಲ್ಲಿ ಒಳ್ಳೆಯದಿತ್ತು, ಕುಶಲಕರ್ಮಿಗಳೂ ಒಳ್ಳೆಯವರಿದ್ದರು. ಆದರೆ ಅಳೆದು, ಬರೆದಿಟ್ಟು, ಮತ್ತೆ ಹಾರಿಸಿ ನೋಡುವ ಪದ್ಧತಿ ಇದ್ದದ್ದು ಅಲ್ಲಿ.

ಈ ಪ್ರಬಂಧ ಬರೆದವರೇ ಮುಂದೆ, 1997ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕರಾದರು. ಎಲ್ಲರ ಬಾಯಲ್ಲಿ ಅದು ನಿಯಾಸ್. ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳ ನೆರಳಲ್ಲೇ ಇರುವ ಈ ಸಂಸ್ಥೆಯಲ್ಲಿ ಭದ್ರತೆ ಮತ್ತು ಸಂಘರ್ಷವನ್ನು ಅಧ್ಯಯನ ಮಾಡುವ ವಿಭಾಗವಿದೆ. ಭಯೋತ್ಪಾದನೆ, ಅಣ್ವಸ್ತ್ರ, ಕ್ಷಿಪಣಿ, ಮಾವೋವಾದಿಗಳ ಪ್ರದೇಶ, ನೆರೆದೇಶಗಳ ರಾಜಕೀಯ ಎಲ್ಲವೂ ಅಲ್ಲಿ ಒಂದೇ ಸೂರಿನಡಿ ಬರುತ್ತವೆ. ಆ ಮೇಜುಗಳ ಹಿಂದೆ ಕೂರುವವರು ಯಾರು?

ಮೊದಲ ಉತ್ತರ ಸ್ಥಾಪಕರಲ್ಲೇ ಇದೆ. ಜೆ.ಆರ್.ಡಿ. ಟಾಟಾ ಅವರ ಕಲ್ಪನೆಯಂತೆ 1988ರಲ್ಲಿ ಸಂಸ್ಥೆ ಶುರುವಾದಾಗ ಮೊದಲ ನಿರ್ದೇಶಕರಾದವರು ರಾಜಾ ರಾಮಣ್ಣ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದವರು, 1974ರ ಪೋಖ್ರಾನ್ ಅಣುಪರೀಕ್ಷೆಯ ಹಿಂದಿನ ತಲೆ. ಪಿಯಾನೊ ನುಡಿಸುತ್ತಿದ್ದರು, ನಮ್ಮ ರಾಗಗಳನ್ನೂ ಪಾಶ್ಚಾತ್ಯ ಸಂಗೀತವನ್ನೂ ಜೊತೆಗಿಟ್ಟು ಪುಸ್ತಕ ಬರೆದಿದ್ದರು. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರೂ ಆದರು. ಭದ್ರತಾ ಅಧ್ಯಯನದ ಆರಂಭದ ವರ್ಷಗಳಲ್ಲಿ ಅವರ ಜೊತೆಗಿದ್ದವರಲ್ಲಿ ಎಸ್. ರಾಜಗೋಪಾಲ್ ಪ್ರಮುಖರು. ಅವರೂ ಅಣುಶಕ್ತಿ ಇಲಾಖೆಯಿಂದ ಬಂದವರೇ. ಅಂದರೆ ಈ ವಿಭಾಗದ ಬುನಾದಿ ಹಾಕಿದವರು ಪೊಲೀಸರಲ್ಲ, ಸೇನಾಧಿಕಾರಿಗಳೂ ಅಲ್ಲ, ಪ್ರಯೋಗಾಲಯದವರು. ದೆಹಲಿಯ ಚಿಂತನಾ ಕೂಟಗಳಲ್ಲಿ ನಿವೃತ್ತ ರಾಯಭಾರಿಗಳೂ ಜನರಲ್‌ಗಳೂ ಕೂತರೆ, ಬೆಂಗಳೂರಿನದರಲ್ಲಿ ರಾಕೆಟ್ಟು ಮಾಡಿದವರು ಕೂತರು. ಊರಿನ ಗುಣವೇ ಹಾಗೆ.

ಇದು ಕೆಲಸದ ರೀತಿಯಲ್ಲೂ ಕಾಣುತ್ತದೆ. ರಾಜಾರಾಮ್ ನಾಗಪ್ಪ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದಲ್ಲಿ ನೋದನದ, ಅಂದರೆ ರಾಕೆಟ್ಟನ್ನು ತಳ್ಳುವ ಇಂಧನ–ಎಂಜಿನ್ನುಗಳ, ಕೆಲಸ ಮಾಡಿ ಬಂದವರು. ಎಸ್. ಚಂದ್ರಶೇಖರ್ ಇಸ್ರೊದಲ್ಲಿ ದುಡಿದು, ಬೆಂಗಳೂರಿನ ಐಐಎಂನಲ್ಲಿ ಪಾಠ ಹೇಳಿ, ನಂತರ ಇಲ್ಲಿಗೆ ಬಂದರು. ಲಲಿತಾ ಸುಂದರೇಶನ್ ಉಪಗ್ರಹ ಚಿತ್ರಗಳನ್ನು ಓದುವುದರಲ್ಲಿ ಪಳಗಿದವರು. ಇಂಥವರ ಮುಂದೆ ಪಾಕಿಸ್ತಾನದ ಕ್ಷಿಪಣಿಯೊಂದರ ಫೋಟೊ ಬಂದರೆ ಅವರಿಗೆ ಗುಪ್ತಚರರ ವರದಿಯೇನೂ ಬೇಕಾಗುವುದಿಲ್ಲ. ಕ್ಷಿಪಣಿ ಹೊತ್ತ ವಾಹನದ ಅಳತೆ ಗೊತ್ತಿದ್ದರೆ ಅದನ್ನೇ ಮಾನದಂಡವಾಗಿಟ್ಟುಕೊಂಡು ಕ್ಷಿಪಣಿಯ ಉದ್ದ, ವ್ಯಾಸ ಲೆಕ್ಕ ಹಾಕುತ್ತಾರೆ. ಅಲ್ಲಿಂದ ಒಳಗೆ ಹಿಡಿಸುವ ಇಂಧನ, ಅಲ್ಲಿಂದ ತೂಕ, ಕೊನೆಗೆ ಎಷ್ಟು ದೂರ ಹೋದೀತು ಎಂಬ ಅಂದಾಜು. ಪತ್ರಿಕೆಯಲ್ಲಿ ಅಚ್ಚಾದ, ಎಲ್ಲರೂ ನೋಡಿ ಬಿಸಾಡಿದ ಚಿತ್ರವೇ ಕಚ್ಚಾವಸ್ತು. ಚೀನಾದ ಯಾವೊಗಾನ್ ಉಪಗ್ರಹಗಳು ಯಾವ ಗುಂಪಿನಲ್ಲಿ ಹೇಗೆ ಸುತ್ತುತ್ತವೆ, ಅವುಗಳಿಂದ ಸಮುದ್ರದ ಹಡಗುಗಳನ್ನು ಹಿಂಬಾಲಿಸಲು ಆಗುತ್ತದೆಯೇ ಎಂದು ಇದೇ ತಂಡ ಲೆಕ್ಕ ಹಾಕಿದ್ದೂ ಬಹಿರಂಗವಾಗಿ ಸಿಗುವ ಕಕ್ಷೆಯ ಅಂಕಿಗಳಿಂದಲೇ.

ಭಯೋತ್ಪಾದನೆಯ ವಿಷಯಕ್ಕೆ ಬಂದರೆ, 2004ರ ಜನವರಿಯಲ್ಲಿ ಗೋವಾದಲ್ಲಿ ನಡೆದ ಕಮ್ಮಟವನ್ನು ನೆನೆಯಬೇಕು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯೂ ನಿಯಾಸೂ ಸೇರಿ ನಡೆಸಿದ್ದು. ವಿಷಯ, ಭಯೋತ್ಪಾದನೆಯನ್ನು ಎದುರಿಸಲು ವಿಜ್ಞಾನ ಮತ್ತು ತಂತ್ರಜ್ಞಾನ ಏನು ಮಾಡಬಲ್ಲವು ಎಂಬುದು. ಅದರ ನಡವಳಿ 2007ರಲ್ಲಿ ಪುಸ್ತಕವಾಗಿ ಹೊರಬಂತು. ಸಂಪಾದಕರಲ್ಲಿ ರೊದ್ದಂ ನರಸಿಂಹ ಇದ್ದರು, ಆಗ ನಿಯಾಸ್‌ನಲ್ಲಿದ್ದ, ಮುಂದೆ ಮಣಿಪಾಲದಲ್ಲಿ ಭೂರಾಜಕೀಯದ ಪ್ರಾಧ್ಯಾಪಕರಾದ ಅರವಿಂದ್ ಕುಮಾರ್ ಇದ್ದರು, ದಕ್ಷಿಣ ಏಷ್ಯಾ ಬಲ್ಲ ಅಮೆರಿಕದ ವಿದ್ವಾಂಸ ಸ್ಟೀಫನ್ ಕೋಹೆನ್ ಇದ್ದರು.

ಕಮ್ಮಟ ಮುಗಿದು ಪುಸ್ತಕ ಬರುವ ನಡುವಿನ ಅವಧಿಯಲ್ಲಿ ಭಯೋತ್ಪಾದನೆಯೇ ಬಾಗಿಲಿಗೆ ಬಂತು. 2005ರ ಡಿಸೆಂಬರ್ 28ರ ಸಂಜೆ ವಿಜ್ಞಾನ ಸಂಸ್ಥೆಯ ಜೆ.ಎನ್. ಟಾಟಾ ಸಭಾಂಗಣದಲ್ಲಿ ಆಪರೇಷನಲ್ ರಿಸರ್ಚ್ ಕುರಿತ ಸಮ್ಮೇಳನದ ಕಲಾಪ ಮುಗಿಸಿ ಜನ ಹೊರಬರುತ್ತಿದ್ದರು. ಬಂದೂಕುಧಾರಿಯ ಗುಂಡಿಗೆ ದೆಹಲಿ ಐಐಟಿಯ ನಿವೃತ್ತ ಗಣಿತ ಪ್ರಾಧ್ಯಾಪಕ ಎಂ.ಸಿ. ಪುರಿ ಬಲಿಯಾದರು, ಇನ್ನೂ ಕೆಲವರು ಗಾಯಗೊಂಡರು. ಪುರಿ ಅವರ ಜೀವಮಾನದ ವಿಷಯ ಇದ್ದ ಸಾಧನಗಳನ್ನು ಅತ್ಯುತ್ತಮವಾಗಿ ಹಂಚುವ ಗಣಿತ. ಅದೇ ಗಣಿತ ಇವತ್ತು ಕಾವಲು ಸಿಬ್ಬಂದಿಯನ್ನು ಎಲ್ಲೆಲ್ಲಿ, ಯಾವ ಹೊತ್ತಿಗೆ ನಿಲ್ಲಿಸಬೇಕೆಂದು ಲೆಕ್ಕ ಹಾಕಲು ಜಗತ್ತಿನ ವಿಮಾನ ನಿಲ್ದಾಣಗಳಲ್ಲಿ ಬಳಕೆಯಾಗುತ್ತದೆ.

ನಿಯಾಸ್‌ನಲ್ಲಿ ರಾಕೆಟ್ಟಿನವರ ಪಕ್ಕದಲ್ಲೇ ಇನ್ನೊಂದು ಜಾತಿಯ ವಿದ್ವಾಂಸರೂ ಇದ್ದರು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ತಮ್ಮ ಕೊನೆಯ ವರ್ಷಗಳನ್ನು, 1999ರಲ್ಲಿ ತೀರಿಕೊಳ್ಳುವವರೆಗೆ, ಕಳೆದದ್ದು ಇಲ್ಲೇ. ರಾಜಕೀಯ ಹಿಂಸೆ ಒಬ್ಬ ವಿದ್ವಾಂಸನಿಗೆ ಏನು ಮಾಡುತ್ತದೆ ಎಂಬುದು ಆ ಕಟ್ಟಡದಲ್ಲಿ ಅವರಷ್ಟು ಯಾರಿಗೂ ಗೊತ್ತಿರಲಿಕ್ಕಿಲ್ಲ. 1970ರ ಏಪ್ರಿಲ್ 24ರಂದು, ವಿಯೆಟ್ನಾಂ ಯುದ್ಧದ ವಿರುದ್ಧ ಅಮೆರಿಕದ ಕ್ಯಾಂಪಸ್ಸುಗಳು ಕುದಿಯುತ್ತಿದ್ದಾಗ, ಅವರಿದ್ದ ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟರು. ಮೈಸೂರು ಬಳಿಯ ಹಳ್ಳಿಯೊಂದರಲ್ಲಿ 1948ರಲ್ಲಿ ಕೂತು ಮಾಡಿದ್ದ ಕ್ಷೇತ್ರಕಾರ್ಯದಿಂದ ಅವರು ಹದಿನೆಂಟು ವರ್ಷ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಬರೀ ನೆನಪಿನಿಂದ ಬರೆದ ಪುಸ್ತಕ ಆಮೇಲೆ ಜಗತ್ಪ್ರಸಿದ್ಧವಾಯಿತು. ಪುಸ್ತಕದಲ್ಲಿ ರಾಂಪುರ ಎಂದಾದ ಆ ಹಳ್ಳಿ ಕೊಡಗಹಳ್ಳಿ.

ಶ್ರೀನಿವಾಸ್ ಹಳ್ಳಿಯಲ್ಲಿ ಕೂತು ಕಲಿತ ವಿದ್ಯೆ ಭದ್ರತಾ ಅಧ್ಯಯನಕ್ಕೆ ಯಾಕೆ ಬೇಕು ಎನ್ನುವವರು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಡೆ ನೋಡಬಹುದು. ಭಯೋತ್ಪಾದನೆಯ ಅಧ್ಯಯನಕ್ಕೆಂದು 2005ರಲ್ಲಿ ಅಲ್ಲಿನ ಗೃಹ ಭದ್ರತಾ ಇಲಾಖೆಯ ಹಣದಿಂದ ಶುರುವಾದ 'ಸ್ಟಾರ್ಟ್' ಕೇಂದ್ರದ ಹೆಮ್ಮೆ ಜಾಗತಿಕ ಭಯೋತ್ಪಾದನಾ ದತ್ತಾಂಶ ಕೋಶ. 1970ರಿಂದೀಚೆಗೆ ಜಗತ್ತಿನಲ್ಲಿ ನಡೆದ ಎರಡು ಲಕ್ಷಕ್ಕೂ ಹೆಚ್ಚು ಘಟನೆಗಳು ಅದರಲ್ಲಿವೆ. ಮೂಲದಲ್ಲಿ ಇದು ಪಿಂಕರ್ಟನ್ ಎಂಬ ಖಾಸಗಿ ಭದ್ರತಾ ಕಂಪನಿ ತನ್ನ ಗ್ರಾಹಕರಿಗಾಗಿ ಕಾರ್ಡುಗಳ ಮೇಲೆ ಬರೆದಿಟ್ಟ ಮಾಹಿತಿ. ಅಪರಾಧಶಾಸ್ತ್ರಜ್ಞ ಗ್ಯಾರಿ ಲಾಫ್ರೀ 2001ರಲ್ಲಿ ಆ ಪೆಟ್ಟಿಗೆಗಳನ್ನು ಪಡೆದರು. ವಿದ್ಯಾರ್ಥಿಗಳು ಒಂದೊಂದೇ ಕಾರ್ಡನ್ನು ಕಂಪ್ಯೂಟರಿಗೆ ಏರಿಸಿದರು. 1993ರ ಕಾರ್ಡುಗಳು ಮಾತ್ರ ಪಿಂಕರ್ಟನ್ ಕಚೇರಿ ಬದಲಿಸುವಾಗಲೇ ಕಳೆದುಹೋಗಿದ್ದವು. ಮುಂಬೈ ಸರಣಿ ಸ್ಫೋಟದ ವರ್ಷ ಅದು! ಹಾಗಾಗಿ ಜಗತ್ತಿನ ಅತಿ ದೊಡ್ಡ ಭಯೋತ್ಪಾದನಾ ಪಟ್ಟಿಯಲ್ಲಿ ಒಂದಿಡೀ ವರ್ಷಕ್ಕೆ ಇವತ್ತಿಗೂ ಸರಿಯಾದ ಲೆಕ್ಕವಿಲ್ಲ.

ಇಂಥ ಕೋಶದ ನಿತ್ಯದ ಕೆಲಸ ಪತ್ರಿಕೆ ಓದುವುದು. ಎಲ್ಲೋ ನಡೆದ ಘಟನೆಯ ಸುದ್ದಿ ಓದಿ ದಿನ, ಊರು, ಆಯುಧ, ಸತ್ತವರ ಸಂಖ್ಯೆ ತುಂಬಬೇಕು. ಊರನ್ನು ಭೂಪಟದ ಮೇಲೆ ಗುರುತಿಸಬೇಕು, ಎಷ್ಟು ಖಚಿತವಾಗಿ ಗುರುತಿಸಿದ್ದೇವೆ ಎನ್ನುವುದಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಕೆಲಸ ಸಿಕ್ಕಿಕೊಳ್ಳುವುದು ಇಲ್ಲೇ. ಸುದ್ದಿಯಲ್ಲಿ ಗೋವಿಂದನಹಳ್ಳಿ ಎಂದಷ್ಟೇ ಇದ್ದರೆ ಮೇರಿಲ್ಯಾಂಡಿನ ಹುಡುಗಿ ಏನು ಮಾಡಬೇಕು? ಐದು ಶಿವಾಲಯಗಳು ಸಾಲಾಗಿ ನಿಂತ, ಹೊಯ್ಸಳರ ಕಾಲದ ಪಂಚಲಿಂಗೇಶ್ವರನ ಗೋವಿಂದನಹಳ್ಳಿ ಕಿಕ್ಕೇರಿಯ ಬಳಿ ಇದೆ ಎಂದು ಕೆ.ಆರ್. ಪೇಟೆಯ ಬಸ್ ಕಂಡಕ್ಟರಿಗೆ ಗೊತ್ತು, ಭೂಪಟದ ತಂತ್ರಾಂಶಕ್ಕೆ ಗೊತ್ತಿರಬೇಕೆಂದಿಲ್ಲ. ಹಳೆಯ ಕಡತಗಳಿಗೆ ಹೋದರಂತೂ ಮುಗಿಯಿತು. ಪಾಂಡವಪುರ ಅಲ್ಲಿ ಫ್ರೆಂಚ್ ರಾಕ್ಸ್, ಕೆ.ಆರ್. ಪೇಟೆ ಅತ್ತಿಕುಪ್ಪೆ.

ಈ ಊರುಗಳಿರುವ ಮಂಡ್ಯ ಜಿಲ್ಲೆಗೆ ಭಯೋತ್ಪಾದನೆ ದೂರದ ಸುದ್ದಿಯೇನೂ ಅಲ್ಲ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ತಮಿಳುನಾಡಿನಲ್ಲಿ ಹುಡುಕಾಟ ಬಿಗಿಯಾದಾಗ ಹತ್ಯೆ ನಡೆಸಿದ ಎಲ್‌ಟಿಟಿಇಯವರು ಕರ್ನಾಟಕದತ್ತ ಸರಿದರು. ಗಾಯಗೊಂಡವರ ಗುಂಪುಗಳು ನೆಲೆಯೂರಿದ ಜಾಗಗಳಲ್ಲಿ ಮಳವಳ್ಳಿ ಸೀಮೆಯ ಮುತ್ತತ್ತಿಯೂ ಒಂದು. ಕಾವೇರಿ ದಡದ ಆಂಜನೇಯನ ಕ್ಷೇತ್ರ, ಮೀನೂಟ ಮುಡಿಸೇವೆಗೆ ಜನ ಬಂದುಹೋಗುವ ಜಾಗ. ಅಪರಿಚಿತರು ಕಣ್ಣಿಗೆ ಬೀಳದೆ ಇರಲು ಹೇಳಿಮಾಡಿಸಿದಂತಿತ್ತು. ಆಗಸ್ಟ್ ಮಧ್ಯದಲ್ಲಿ ಪೊಲೀಸರು ಸುತ್ತುವರಿದಾಗ ಅಲ್ಲಿಯೂ ಜಿಲ್ಲೆಯ ಇನ್ನೊಂದು ಹಳ್ಳಿಯಲ್ಲಿಯೂ ಅಡಗಿದ್ದವರು ಸಯನೈಡ್ ಕಚ್ಚಿದರು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಹತ್ಯೆಯ ಸಂಚಿನ ಮುಂದಾಳು ಶಿವರಾಸನ್ ಮತ್ತು ಸಂಗಡಿಗರು ಸಿಕ್ಕಿಬಿದ್ದರು. ಅವರನ್ನು ಜೀವಂತ ಹಿಡಿಯಬೇಕೆಂಬ ಆಸೆಯಿಂದ ದೆಹಲಿಯ ಕಮಾಂಡೊಗಳಿಗಾಗಿ, ಸಯನೈಡಿಗೆ ಪ್ರತಿವಿಷಕ್ಕಾಗಿ ಕಾದರು. ಆಗಸ್ಟ್ 20ರ ಬೆಳಿಗ್ಗೆ ಒಳಗೆ ಇದ್ದದ್ದು ಏಳು ಶವ.

ಆ ತನಿಖೆಯ ನೇತೃತ್ವ ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್ ಅವರದು. ಬಾಂಬನ್ನು ಹಂತಕಿಯೇ ಸೊಂಟಕ್ಕೆ ಕಟ್ಟಿಕೊಂಡಿದ್ದಳು ಎಂದು ತುಣುಕುಗಳಿಂದ ಕಟ್ಟಿ ತೋರಿಸಿದವರು ವಿಧಿವಿಜ್ಞಾನಿ ಪಿ. ಚಂದ್ರಶೇಖರನ್. ತನಿಖೆ ಅದ್ಭುತವಾಗಿಯೇ ನಡೆಯಿತು, ಅನುಮಾನವಿಲ್ಲ. ಆದರೆ ಕೊರಳಲ್ಲಿ ಸಯನೈಡ್ ಗುಳಿಗೆ ಕಟ್ಟಿಕೊಂಡ ಸಂಘಟನೆಯೊಂದು ಹೇಗೆ ಯೋಚಿಸುತ್ತದೆ, ಮುತ್ತಿಗೆಯ ಎಷ್ಟನೇ ಗಂಟೆಯಲ್ಲಿ ಅದರ ಜನ ಸಾವನ್ನು ಆರಿಸಿಕೊಳ್ಳುತ್ತಾರೆ ಎಂದು ವರ್ಷಗಟ್ಟಲೆ ಓದಿಕೊಂಡು ಕೂತ ಒಂದು ಗುಂಪು ಆಗ ನಮ್ಮ ಯಾವ ವಿಶ್ವವಿದ್ಯಾಲಯದಲ್ಲೂ ಇರಲಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಭಯೋತ್ಪಾದನೆಯ ಅಧ್ಯಯನ ಕೇಂದ್ರ ಶುರುವಾದದ್ದೂ 1994ರಲ್ಲೇ.

ಓದು ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಮೂಡಿಗೆರೆಯಲ್ಲಿ ಹುಟ್ಟಿದ ಡಾ. ಮೊಹಮ್ಮದ್ ಹನೀಫ್ ಅವರ ಪ್ರಕರಣ ಇದೆ. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ವೈದ್ಯರಾಗಿದ್ದವರು, ಬೆಂಗಳೂರಿನಲ್ಲಿ ಹೆಂಡತಿಗೆ ಆಗಷ್ಟೇ ಹೆರಿಗೆಯಾಗಿತ್ತು. 2007ರ ಜುಲೈ 2ರಂದು ಊರಿಗೆ ಹೊರಟಾಗ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧನ. ಎರಡು ದಿನ ಮೊದಲು ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಲಾಗಿತ್ತು. ಹನೀಫ್ ಹಿಂದೊಮ್ಮೆ ಬಂಧುವಿಗೆ ಬಿಟ್ಟುಬಂದಿದ್ದ ಸಿಮ್ ಕಾರ್ಡು ಆ ಜೀಪಿನಲ್ಲಿತ್ತು ಎಂದು ನ್ಯಾಯಾಲಯಕ್ಕೆ ಹೇಳಲಾಯಿತು. ಅಸಲಿಗೆ ಸಿಮ್ ಇದ್ದದ್ದು ಇನ್ನೂರು ಮೈಲಿಯಾಚೆಯ ಲಿವರ್‌ಪೂಲಿನಲ್ಲಿ. ಆ ತಿಂಗಳೊಳಗೆ ಆರೋಪ ಬಿದ್ದುಹೋಯಿತು, ಮರುವರ್ಷ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ವಿಚಾರಣೆ ಅವರನ್ನು ನಿರ್ದೋಷಿ ಎಂದಿತು, 2010ರಲ್ಲಿ ಪರಿಹಾರವೂ ಸಿಕ್ಕಿತು. ಭಯೋತ್ಪಾದನೆ ಎದುರಿಸುವ ಕೇಂದ್ರಗಳ ಪಠ್ಯದಲ್ಲಿ ಮುತ್ತತ್ತಿಯಷ್ಟೇ ಮೂಡಿಗೆರೆಯೂ ಇರಬೇಕು. ಬಹುಪಾಲು ಕಡೆ ಇಲ್ಲ ಎಂದರೆ ಅಚ್ಚರಿಪಡಬೇಕಾದ್ದಿಲ್ಲ, ಹಣ ಕೊಡುವವರು ಸಾಮಾನ್ಯವಾಗಿ ಸರ್ಕಾರಗಳು.

ಇನ್ನೊಂದು ಮಾತು ಮಂಡ್ಯದವರೇ ಕೇಳಿಕೊಳ್ಳುವಂಥದ್ದು: ಭದ್ರತೆ ಎಂದರೆ ಯಾರಿಂದ? ಕೆಆರ್‌ಎಸ್ ಅಣೆಕಟ್ಟೆಗೆ ರಾಜ್ಯ ಕೈಗಾರಿಕಾ ಭದ್ರತಾ ಪಡೆಯ ಬಂದೂಕಿನ ಕಾವಲಿದೆ. ಅಣೆಕಟ್ಟೆಯ ಮೇಲೆ ಸಾಮಾನ್ಯರಿಗೆ ಓಡಾಟವಿಲ್ಲ. ಆದರೆ 2018ರಲ್ಲಿ ಸುತ್ತಲ ಊರುಗಳ ಜನ ಬೆಚ್ಚಿದ್ದು ಭಾರಿ ಸದ್ದಿಗೆ. ಕಂಪನವನ್ನು ದಾಖಲಿಸಿದ್ದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಉಪಕರಣ, ಬೆರಳು ತೋರಿಸಿದ್ದು ಕಲ್ಲು ಗಣಿಗಳ ಸ್ಫೋಟದ ಕಡೆಗೆ. ಪಾಂಡವಪುರದ ಬೇಬಿ ಬೆಟ್ಟ ಅಲ್ಲಿಂದೀಚೆಗೆ ವಿವಾದದ ಕೇಂದ್ರ. 2024ರಲ್ಲಿ ಹೈಕೋರ್ಟ್ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ನಿರ್ಬಂಧಿಸಿತು. ಗೇಟಿನಲ್ಲಿ ಬ್ಯಾಗು ತಪಾಸಣೆ ಮಾಡುವ ಸಿಬ್ಬಂದಿಗೆ ಈ ಅಪಾಯ ಕಾಣುವುದಿಲ್ಲ, ಕಾಣಬೇಕೆಂದು ಬಯಸುವುದೂ ತಪ್ಪು. ಅದು ಗ್ರಾಫಿನ ಗೆರೆ ಓದುವವರ ಕೆಲಸ. ನಿಯಾಸ್‌ನಲ್ಲಿ ಸಂಘರ್ಷ ಪರಿಹಾರದ ಕಾರ್ಯಕ್ರಮ ನಡೆಸಿದ ಅರ್ಥಶಾಸ್ತ್ರಜ್ಞ ನರೇಂದರ್ ಪಾಣಿ ಕಾವೇರಿ ವಿವಾದದ ಬಗ್ಗೆ ಬರೆದದ್ದು ಇಂಥ ವಿಶಾಲ ಅರ್ಥದ ಭದ್ರತೆಯ ಬೆನ್ನು ಹತ್ತಿಯೇ. ಗಡಿಯಾಚೆಯ ಕ್ಷಿಪಣಿಯ ಅಳತೆಗೂ ಕನ್ನಂಬಾಡಿಯ ನೀರಿನ ಅಡಿಗಳಿಗೂ ಒಂದೇ ಸಂಸ್ಥೆಯಲ್ಲಿ ಜಾಗ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಈಗ ನಿಯಾಸ್‌ನ ಸಂಘರ್ಷ ಮತ್ತು ಭದ್ರತಾ ಅಧ್ಯಯನ ಶಾಲೆಯ ಬಣ್ಣ ಬದಲಾಗಿದೆ. ದೆಹಲಿಯ ಶಾಂತಿ ಮತ್ತು ಸಂಘರ್ಷ ಅಧ್ಯಯನ ಸಂಸ್ಥೆಯಲ್ಲಿದ್ದು ಇಲ್ಲಿಗೆ ಬಂದ ಡಿ. ಸುಬಾ ಚಂದ್ರನ್ ಅದನ್ನು ಎಳೆಯರಿಂದ ತುಂಬಿದರು. 2020ರಲ್ಲಿ ಶುರುವಾದ 'ಕಾನ್‌ಫ್ಲಿಕ್ಟ್ ವೀಕ್ಲಿ' ಎಂಬ ವಾರದ ಸಂಚಿಕೆಗೆ ಬರೆಯುವವರಲ್ಲಿ ಹೆಚ್ಚಿನವರು ಆಗಷ್ಟೇ ಎಂ.ಎ. ಮುಗಿಸಿದವರು, ಇಂಟರ್ನ್‌ಗಳು. ಸೋಮವಾರ ಸುಡಾನ್, ಮಂಗಳವಾರ ಮ್ಯಾನ್ಮಾರ್ ಎಂಬಂಥ ಓದು. ಅನ್ಶುಮನ್ ಬೆಹೆರಾ ಅವರಂಥವರು ಮಾವೋವಾದಿ ಹಿಂಸೆಯ ಪ್ರದೇಶಗಳಲ್ಲಿ ತಿರುಗಿ ಬರೆದರು. ನಿವೃತ್ತ ವಿಜ್ಞಾನಿಗಳು ಒಂದು ತುದಿ, ಇಪ್ಪತ್ತರ ಹುಡುಗ ಹುಡುಗಿಯರು ಇನ್ನೊಂದು ತುದಿ. ಮಕ್ಕಳು ದುಡಿಮೆಗೆ ಪಟ್ಟಣ ಸೇರಿ ಅಜ್ಜ ಮೊಮ್ಮಕ್ಕಳಷ್ಟೇ ಉಳಿದ ಹಳ್ಳಿಮನೆಯಂತೆ ನಡುವಿನ ತಲೆಮಾರು ತೆಳುವಾಗಿದೆ. ದೇಶದ ಬಹುಪಾಲು ಇಂಥ ಕೇಂದ್ರಗಳ ಪಾಡು ಇದೇ. ಯೋಜನೆಯ ಹಣ ಎರಡು ಮೂರು ವರ್ಷಕ್ಕೆ ಬರುತ್ತದೆ. ಒಂದು ಪ್ರದೇಶವನ್ನೋ ಭಾಷೆಯನ್ನೋ ಅರೆದು ಕುಡಿಯಲು ಹತ್ತು ವರ್ಷ ಬೇಕು.

ರಾಜ್ಯದಲ್ಲಿ ಕೆಲಸದ ಜಾಗಗಳು ಹೆಚ್ಚುತ್ತಿವೆ. ಸಿಐಡಿಯಲ್ಲಿ ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ಸೈಬರ್ ಅಪರಾಧ ತನಿಖೆಯ ತರಬೇತಿ ಮತ್ತು ಸಂಶೋಧನಾ ಕೇಂದ್ರ ನಡೆಯುತ್ತಿದೆ, ಶಿವಮೊಗ್ಗಕ್ಕೆ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ, ಮಣಿಪಾಲದಲ್ಲಿ ಭೂರಾಜಕೀಯದ ಎಂ.ಎ. ಇದೆ. ಕೆ.ಆರ್. ಪೇಟೆಯ ಸರ್ಕಾರಿ ಕಾಲೇಜಿನಲ್ಲಿ ಇತಿಹಾಸವನ್ನೋ ಸಂಖ್ಯಾಶಾಸ್ತ್ರವನ್ನೋ ಓದುವ ವಿದ್ಯಾರ್ಥಿಗೆ ಈ ದಾರಿ ಇದೆಯೆಂದು ಹೇಳುವವರು ಕಡಿಮೆ. ಪೊಲೀಸ್ ಪೇದೆಯ ಪರೀಕ್ಷೆಗೆ ತರಬೇತಿ ಕೊಡುವ ಅಂಗಡಿ ಪ್ರತಿ ತಾಲ್ಲೂಕಿನಲ್ಲಿ ಸಿಗುತ್ತದೆ. ಉಪಗ್ರಹ ಚಿತ್ರ ಓದುವುದು, ದತ್ತಾಂಶ ಜೋಡಿಸುವುದು, ಬರ್ಮೀಸ್ ಅಥವಾ ಪಶ್ತೊ ಕಲಿಯುವುದು ಕೂಡ ಭದ್ರತೆಯ ನೌಕರಿಯೇ ಎಂದು ಹೇಳುವ ಬೋರ್ಡು ಎಲ್ಲೂ ಕಾಣುವುದಿಲ್ಲ. ರೊದ್ದಂ ನರಸಿಂಹ ಅವರಿಗೆ ಆ ಅನುಕೂಲ ಮನೆಯಲ್ಲೇ ಇತ್ತು. ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದರು, ಜಗತ್ತುಗಳ ಹುಟ್ಟು ಸಾವನ್ನು ಕನ್ನಡದಲ್ಲಿ ಬರೆದಿದ್ದರು. ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಕೈಕೆಳಗೆ ಗಾಳಿಯ ಹರಿವನ್ನು ಅಳೆದು, ಕ್ಯಾಲ್‌ಟೆಕ್‌ಗೆ ಹೋಗಿ ಬಂದ ಮೇಲೆ ಶ್ರೀರಂಗಪಟ್ಟಣದ ಕಬ್ಬಿಣದ ಕೊಳವೆಯ ಲೆಕ್ಕಕ್ಕೆ ಕೂತರು.